ಗ್ಯಾಸಬತ್ತಿಯ ಬಾಕಿ, ಹಸೀನಾಬಿಯ ಪಾಟಲಿ

ಗದಗ-ಬೆಟಗೇರಿಯಲ್ಲಿ ಗ್ಯಾಸಬತ್ತಿಯ ಬಾಡಿಗೆಯನ್ನು ಬತ್ತಿ ಆರಿ ತಣ್ಣಗಾದ ಮೇಲೆಯೇ ಕೇಳತಕ್ಕದ್ದು, ಉರಿಯುವ ಬತ್ತಿಯ ಎದುರಿಗೆ ರೊಕ್ಕದ ಮಾತು ಎತ್ತತಕ್ಕದ್ದಲ್ಲ ಎಂಬುದು ಹಿಂದಿನಿಂದ ನಡೆದುಬಂದ ಪದ್ಧತಿ. ಮುಂಗಡ ಕೇಳಿದವನ ಬತ್ತಿ ಭಗ್ಗನೆ ಹತ್ತಿಕೊಂಡು ಒಳಗಿನ ಮ್ಯಾಂಟಲ್ ಜಾಲರಿ ಉದುರುತ್ತದೆ ಎಂದು ಬಾಡಿಗೆಗೆ ಕೊಡುವವರು ನಂಬಿದ್ದರು. ಬಾಡಿಗೆಗೆ ಒಯ್ಯುವವರಂತೂ ಇನ್ನೂ ಗಟ್ಟಿಯಾಗಿ ನಂಬಿದ್ದರು. ಈ ಪದ್ಧತಿಯನ್ನು ಮೊದಲು ಯಾರು ಹಾಕಿಕೊಟ್ಟರೆಂಬುದಕ್ಕೆ ದಾಖಲೆಯಿಲ್ಲ. ಒಯ್ದವನೇ ಹಾಕಿಕೊಟ್ಟಿರಬೇಕೆಂದು ನಮ್ಮ ಗುಮಾನಿ, ಆದರೆ ಗುಮಾನಿಯ ಮೇಲೆ ಯಾರನ್ನೂ ಬೈಯುವುದು ಸರಿಯಲ್ಲ.

ಬೆಟಗೇರಿಯ ಅಬ್ದುಲಗನಿ ಈ ಪದ್ಧತಿಯನ್ನು ಒಂದು ದಿನವೂ ಮುರಿದವನಲ್ಲ. ಅವನದು ಗ್ಯಾಸಬತ್ತಿ, ಖುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಮನುಷ್ಯ ಎಷ್ಟು ಮೆದು ಎಂದರೆ, ಬತ್ತಿಗೆ ಪಂಪು ಹೊಡೆಯುವಾಗಲೂ ಅದಕ್ಕೆ ನೋಯದ ಹಾಗೆ ಹೊಡೆಯುತ್ತಿದ್ದ.

ನಲವತ್ತೇಳನೆಯ ಇಸವಿಯ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಲಕ್ಷ್ಮೇಶ್ವರ ಮಾತ್ರ ಆಗಿನ್ನೂ ಸಂಸ್ಥಾನದ ಊರು. ಸ್ವಾತಂತ್ರ್ಯ ಆಮೇಲೆ ನಿಧಾನಕ್ಕೆ ಬಂದರೂ ಅಡ್ಡಿಯಿಲ್ಲ, ಉತ್ಸವದಲ್ಲಿ ಹಿಂದೆ ಬೀಳಬಾರದೆಂದು ಅಲ್ಲಿಯ ಹಿರಿಯರು ಒಂದು ಉತ್ಸವ ಮಂಡಳಿ ಮಾಡಿದರು. ಮಂಡಳಿಯ ಕಾರ್ಯದರ್ಶಿ ಮಾರ್ತಾಂಡರಾಯರು. ‘ಇಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ‘ಆತು’ ಎಂದದ್ದನ್ನು ಕೇಳಿ ಕೂತವರು ಮಾತ್ರ ಊರೂರಿಗೆ ಇದ್ದರು.

“ಗನಿಸಾಬ್ರ, ಸ್ವಾತಂತ್ರ್ಯ ಬಂದದ. ಅದು ಕತ್ತಲಾಗ ಬಂದ್ರ ಛಲೋ ಕಾಣಸ್ತದೇನ್ರೀ?” ಎಂದರು ರಾಯರು, ಅಂಗಡಿಗೆ ಬಂದವರೇ ಅವನ ಎರಡೂ ಕೈ ಹಿಡಿದುಕೊಂಡು.

“ಕಾಣೂದಿಲ್ರಿ ರಾಯರ.”

“ಇಪ್ಪತ್ತ ಬತ್ತಿ, ನೂರ ಖುರ್ಚಿ, ಮೂರ ದಿನ. ರೊಕ್ಕದ ಕಾಳಜಿ ಮಾಡಬ್ಯಾಡ್ರಿ.”

ಅಬ್ದುಲಗನಿ ಕಾಳಜಿ ಮಾಡಲಿಲ್ಲ. ಆದರೆ ಅವನ ಹತ್ತಿರ ಇದ್ದದ್ದು ಹದಿನಾಲ್ಕೇ ಬತ್ತಿ. ಉಳಿದ ಆರನ್ನು ಕೊಳ್ಳಲಿಕ್ಕೆ ಹೆಂಡತಿ ಹಸೀನಾಬಿಯ ಬಂಗಾರದ ಪಾಟಲಿಯನ್ನು ಗದಗಿನ ಸರಾಫ ಸಕ್ರಪ್ಪನವರಲ್ಲಿ ನೂರೈವತ್ತು ರೂಪಾಯಿಗೆ ಒತ್ತೆ ಇಟ್ಟ. ಅವು ಅವಳ ತಾಯಿ ಸಾಯುವ ಮುಂದೆ ತನ್ನ ಕೈಯಿಂದ ತೆಗೆದು ಮಗಳ ಕೈಗೆ ತೊಡಿಸಿದ ಪಾಟಲಿ.

“ಎಂಟ ದಿನದಾಗ ಬಿಡಿಸಿಕೊಂಡ ಬರತೇನಿ” ಎಂದ.

“ಎಂಟ ಆಗದಿದ್ರ ಹತ್ತಾಗ್ಲಿ, ಮರೀಬ್ಯಾಡ್ರಿ ಅಷ್ಟ” ಎಂದಳು ಹಸೀನಾಬಿ, ಬರಿಗೈ ಸೆರಗಿನಲ್ಲಿ ಮುಚ್ಚಿಕೊಂಡು.

ಬತ್ತಿಗಳು ಚೆನ್ನಾಗಿ ಉರಿದವು. ಒಂದು ಮ್ಯಾಂಟಲೂ ಉದುರಲಿಲ್ಲ. ಅವು ಆರಿ, ತಣ್ಣಗಾಗಿ, ಮೇಲೆ ಇನ್ನೊಂದು ವಾರ ತಣ್ಣಗಾದ ಮೇಲೆ ಅಬ್ದುಲಗನಿ ಲಕ್ಷ್ಮೇಶ್ವರಕ್ಕೆ ಹೋದ. ಬಿಲ್ಲು ನೂರಾ ಎಂಬತ್ತು ರೂಪಾಯಿಯದು. ಮಾರ್ತಾಂಡರಾಯರು ಎದ್ದು ನಿಂತು ಸ್ವಾಗತಿಸಿದರು.

“ಬಿಲ್ಲ ಬರೋಬ್ಬರಿ ಅದ. ಆದ್ರ ಕೊಡಬೇಕಾದ ಮಂಡಳಿ ಇಲ್ಲಲ್ರೀ. ಧ್ವಜ ಇಳಿಸಿದ್ವಿ, ವಂದನಾರ್ಪಣೆ ಮಾಡಿದ್ವಿ, ಮಂಡಳಿ ವಿಸರ್ಜನ ಆತು.”

“ಹಂಗಾರ ನನ್ನ ಬಾಕಿ?”

“ಬಾಕಿ ಅದಲ್ರೀ! ಬಾಕಿ ಎಲ್ಲೆ ಹೋಗ್ತದ? ಮಂಡಳಿ ಅಷ್ಟ ಇಲ್ಲ.”

ಅಷ್ಟರಲ್ಲಿ ಒಳಗಿನಿಂದ ರಾಯರ ಹೆಂಡತಿ ತಾರಾಬಾಯಿಯವರು ಒಗ್ಗರಣೆ ಅವಲಕ್ಕಿ, ಚಹಾ ಕಳಿಸಿದರು. ಅವಲಕ್ಕಿ ಬಹಳ ರುಚಿಯಾಗಿತ್ತು. ಅಂಥ ಅವಲಕ್ಕಿ ತಿಂದ ಮೇಲೆ ದನಿ ಏರಿಸುವುದು ಹೇಗೆ? ಅಬ್ದುಲಗನಿ ಕೈ ತೊಳೆದುಕೊಂಡು ಬೆಟಗೇರಿಗೆ ಮರಳಿದ.

ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಕ್ಷಣ ಲಕ್ಷ್ಮೇಶ್ವರದಲ್ಲಿ ವಿಲೀನೋತ್ಸವ ಮಂಡಳಿ ಹುಟ್ಟಿತು. ಕಾರ್ಯದರ್ಶಿ ಮಾರ್ತಾಂಡರಾಯರು. ಅಬ್ದುಲಗನಿ ಹಳೆಯ ಬಿಲ್ಲು ಹಿಡಿದು ಓಡಿದ. ಮಂಡಳಿಯು ಅದನ್ನು ಸಹಾನುಭೂತಿಯಿಂದ ಪರಿಶೀಲಿಸಿ ಹೀಗೆ ಠರಾವು ಮಾಡಿತು: “ಹಿಂದಿನ ಬಾಕಿಯ ಅರ್ಜಿಯನ್ನು ಹಾಲಿ ಗುತ್ತಿಗೆದಾರರಿಂದ ಮಾತ್ರ ಸ್ವೀಕರಿಸತಕ್ಕದ್ದು. ಅರ್ಜಿದಾರರು ಹಾಲಿ ಗುತ್ತಿಗೆದಾರರಲ್ಲದ್ದರಿಂದ ಅವರನ್ನು ಹಾಲಿ ಗುತ್ತಿಗೆದಾರರನ್ನಾಗಿ ಮಾಡಿಕೊಳ್ಳತಕ್ಕದ್ದು.” ಹಾಲಿ ಗುತ್ತಿಗೆದಾರನಾಗಲು ಮತ್ತೆ ಇಪ್ಪತ್ತು ಬತ್ತಿ, ನೂರು ಖುರ್ಚಿ ಕಳಿಸಿದರೆ ಸಾಕಾಗಿತ್ತು. ಅವನು ಕಳಿಸಿದ.

ಆ ಸಂಜೆ ವೇದಿಕೆಯ ಮಗ್ಗುಲಲ್ಲಿ ನಿಂತು ಪಂಪು ಹೊಡೆಯುತ್ತಿದ್ದ ಅಬ್ದುಲಗನಿಗೆ ತನ್ನ ಹೆಸರು ಕೇಳಿಸಿತು. “ತಮ್ಮ ಬೆಳಕಿನಿಂದ ಎರಡೆರಡು ಉತ್ಸವಗಳನ್ನು ಬೆಳಗಿದ ಶ್ರೀಯುತ ಅಬ್ದುಲಗನಿ ಅವರನ್ನು ಸನ್ಮಾನಿಸಲು ಮಂಡಳಿಯು ಹರ್ಷಿಸುತ್ತದೆ!” ನಾಲ್ಕು ಜನ ಅವನನ್ನು ಎತ್ತಿಯೇ ಮೇಲೆ ತಂದರು. ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಶಾಲು ಬಿತ್ತು, ಕೈಯಲ್ಲಿ ತೆಂಗಿನಕಾಯಿ ಕೂತಿತು.

ನಮ್ಮ ಕಡೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವನು ಕೆಳಗೆ ಇಳಿಯುವ ಮೊದಲು ಏನಾದರೊಂದು ದೇಣಿಗೆ ಜಾಹೀರು ಮಾಡಬೇಕು. ಸುಮ್ಮನೆ ಇಳಿದು ಹೋದವನ ಹೆಸರು ಹೇಳಿಕೊಂಡು ಮೊಮ್ಮಕ್ಕಳ ಕಾಲದವರೆಗೂ ನಗುತ್ತಾರೆ. ಸಭೆ ಅವನ ಬಾಯಿಯನ್ನೇ ನೋಡುತ್ತಿತ್ತು. ಅಬ್ದುಲಗನಿ ಬೆವೆತುಹೋದ. ಕಿಸೆಯಲ್ಲಿ ಇದ್ದದ್ದು ಗದಗಿಗೆ ಮರಳುವ ಮೋಟಾರಿನ ಖರ್ಚು.

ರಾಯರು ಕಿವಿಯ ಹತ್ತಿರ ಬಗ್ಗಿ ಬಹಳ ವಾತ್ಸಲ್ಯದಿಂದ ಅಂದರು: “ಯಾಕ ಚಿಂತೀ? ಬಾಕಿ ಅದಲ್ರೀ.”

ಅಬ್ದುಲಗನಿ ಹಳೆಯ ಬಾಕಿಯನ್ನು ದೇಣಿಗೆಯಾಗಿ ಕೊಟ್ಟೆನೆಂದು ಜಾಹೀರು ಮಾಡಿದ. ಚಪ್ಪಾಳೆ ಬಿತ್ತು ನೋಡಿ, ಹಾಗೆ ಬಿತ್ತು! ನಿಜ ಹೇಳಬೇಕೆಂದರೆ ಆ ಒಂದು ಗಳಿಗೆ ಅವನಿಗೆ ಎದೆ ಉಬ್ಬಿ ಬಂತು. ಹೊಸ ಬಿಲ್ಲಿನ ನೆನಪಾದದ್ದು ಮರುದಿನ. ಅಷ್ಟರಲ್ಲಿ ಮಂಡಳಿ ವಿಸರ್ಜನೆಯಾಗಿತ್ತು.

ಮನೆಯಲ್ಲಿ ಹಸೀನಾಬಿ ಶಾಲನ್ನು ಹಿಂದೆ ಮುಂದೆ ತಿರುವಿ ನೋಡಿದಳು. “ಛಲೋ ಐತಿ. ಆದ್ರ ಇದನ್ನ ಕೈಗೆ ತೊಡಾಕ ಬರೂದಿಲ್ಲಲ್ರಿ” ಎಂದಳು. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಮೊದಲು ರೊಟ್ಟಿ ಬಡಿಯುವಾಗ ಪಾಟಲಿ ಗಾಜಿನ ಬಳೆಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಈಗ ಬರೀ ರೊಟ್ಟಿಯ ಸಪ್ಪಳ. ಅಬ್ದುಲಗನಿ ತಟ್ಟೆಯ ಮುಂದಿಂದ ಅರ್ಧಕ್ಕೇ ಎದ್ದ.

ಲಕ್ಷ್ಮೇಶ್ವರದ ಈ ವ್ಯವಸ್ಥೆಯ ಖಬರು ಶಿರಹಟ್ಟಿಗೆ, ಮುಂಡರಗಿಗೆ ಮುಟ್ಟಲು ಬಹಳ ದಿನ ಹಿಡಿಯಲಿಲ್ಲ. ಅಲ್ಲಿಯ ಮಂಡಳಿಗಳೂ ಪ್ರಗತಿಪರವೇ. ಮುಂಡರಗಿಯವರು ಇದಕ್ಕೆ ನಿಯಮಾವಳಿಯನ್ನೇ ಮಾಡಿದರು: ಐವತ್ತು ರೂಪಾಯಿಯ ಒಳಗಿನ ಬಾಕಿಗೆ ಹಾರ ಮಾತ್ರ, ಅದಕ್ಕೆ ಮೇಲ್ಪಟ್ಟು ಹಾರ ಮತ್ತು ಕಾಯಿ, ಬಾಕಿ ನೂರು ದಾಟಿದವರಿಗೆ ಶಾಲು, ವಸೂಲಿಗೆ ಮೂರಕ್ಕಿಂತ ಹೆಚ್ಚು ಸಲ ಬಂದವರಿಗೆ ‘ಸೇವಾರತ್ನ’. ಶಿರಹಟ್ಟಿಯವರು ಒಂದು ಹೆಜ್ಜೆ ಮುಂದೆ ಹೋಗಿ ಹಾರದ ಹೂವಿನವನಿಗೂ ಹಾರವನ್ನೇ ಹಾಕಿದರು. ಅವನದೇ ಹೂವು, ಅವನೇ ಕಟ್ಟಿದ್ದು.

ಹೀಗೆ ಎಂಟೊಂಬತ್ತು ವರ್ಷ ಕಳೆದವು. ಮದುವೆ ಮನೆಯವರು ಮಾತ್ರ ರೊಕ್ಕ ಕೊಡುತ್ತಿದ್ದರು. ಅದರಲ್ಲಿ ಹೊಟ್ಟೆ ನಡೆಯುತ್ತಿತ್ತು, ಬಡ್ಡಿ ನಡೆಯುತ್ತಿತ್ತು, ಅಸಲು ಕೂತಲ್ಲೇ ಕೂತಿತ್ತು. ಶಾಲುಗಳು ಟ್ರಂಕು ತುಂಬಿ ಹೊರಗೆ ಬಂದವು. ಚಕ್ಕಡಿಯಲ್ಲಿ ಒಯ್ಯುವಾಗ ಗಾಜು ಒಡೆಯಬಾರದೆಂದು ಅಬ್ದುಲಗನಿ ಒಂದೊಂದು ಬತ್ತಿಗೆ ಒಂದೊಂದು ಶಾಲು ಸುತ್ತುತ್ತಿದ್ದ. ಸನ್ಮಾನ ಕೊನೆಗೆ ಬತ್ತಿಗೇ ಮುಟ್ಟಿತು. ಉರಿದದ್ದು ಅದೇ ಅಲ್ಲವೇ? ಒಮ್ಮೆ ಬಡ್ಡಿಗೆಂದು ಎರಡು ಶಾಲು ಒಯ್ದಾಗ ಸಕ್ರಪ್ಪನವರು ಕನ್ನಡಕ ತೆಗೆದು ಅವನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಐವತ್ತಾರನೆಯ ಇಸವಿಯಲ್ಲಿ ಕನ್ನಡ ನಾಡು ಒಂದಾಗುವುದು ಖಾತ್ರಿಯಾಯಿತು. ಲಕ್ಷ್ಮೇಶ್ವರದಲ್ಲಿ ಏಕೀಕರಣೋತ್ಸವ ಮಂಡಳಿ ಆಯಿತು. ಕಾರ್ಯದರ್ಶಿ ಯಾರೆಂದು ಹೇಳಬೇಕಾಗಿಲ್ಲ. ರಾಯರು ಈ ಸಲ ಬೆಟಗೇರಿಗೆ ಬಂದು ಅಬ್ದುಲಗನಿಯ ಕೈ ಹಿಡಿದುಕೊಂಡಾಗ ಒಳಬಾಗಿಲ ಪರದೆಯ ಹಿಂದಿನಿಂದ ಹಸೀನಾಬಿ ಕೇಳಿದಳು.

“ರಾಯರ, ಈ ಸಲಾನೂ ಸನ್ಮಾನ ಐತೇನ್ರಿ?”

“ಬಿಡ್ತೀವೇನ್ರೀ ಬಾಯಾರ!”

“ಹಂಗಾರ ಇಬ್ರಿಗೂ ಕೂಡೇ ಮಾಡ್ರಿ.”

ರಾಯರ ಮುಖ ಅರಳಿತು. ಏಕೀಕರಣಕ್ಕೆ ದಂಪತಿಗಳ ಸನ್ಮಾನ! ಇಷ್ಟು ಒಳ್ಳೆಯ ಕಲ್ಪನೆ ತಮಗೇ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಸ್ವಲ್ಪ ಬೇಜಾರೂ ಆಯಿತು.

“ಆದ್ರ ಬರಿಗೈಲೆ ನಾ ಮ್ಯಾಲ ಹತ್ತೂದಿಲ್ರಿ. ನೋಡಿದವರು ನಿಮ್ಮ ಮಂಡಳಿಗೇ ಆಡಕೋತಾರ. ನನ್ನ ಪಾಟ್ಲಿ ಸಕ್ರಪ್ಪನವರ ಕಡೆ ಅದಾವು. ಮಂಡಳಿಯವರು ಬಾಡಿಗಿ ಹಿಡೀರಿ.”

ಕೊಳ್ಳಿರಿ ಎಂದಿದ್ದರೆ ರಾಯರಿಗೆ ಗಾಬರಿಯಾಗುತ್ತಿತ್ತು. ಬಾಡಿಗೆ ಎಂದದ್ದರಿಂದ ಜೀವಕ್ಕೆ ತಂಪಾಯಿತು. ಮೂವರೂ ಸಕ್ರಪ್ಪನವರ ಅಂಗಡಿಗೆ ಹೋದರು. ಸಕ್ರಪ್ಪನವರು ಅನುಮಾನದ ಪ್ರಾಣಿ.

“ಬಾಡಿಗಿ ಏನ ಕೊಡತೀರಿ?”

“ನೀವ ಹೇಳ್ರಿ” ಎಂದರು ರಾಯರು.

ಮೂವತ್ತು ವರ್ಷದ ವ್ಯಾಪಾರದಲ್ಲಿ ಸಕ್ರಪ್ಪನವರಿಗೆ ಯಾವ ಗಿರಾಕಿಯೂ ಹೀಗೆ ಅಂದಿರಲಿಲ್ಲ. “ದಿನಕ್ಕ ಎರಡ ರೂಪಾಯಿ” ಎಂದರು, ತಾವೇ ಅಂಜಿಕೊಂಡು.

“ಮೂರ ಬರಕೋರಿ. ಸಣ್ಣ ಮಂಡಳಿ ಅಲ್ಲ ನಮ್ಮದು.”

ಹಸೀನಾಬಿ ಸೆರಗು ಸರಿಮಾಡಿಕೊಂಡಳು. “ಸಾವಕಾರ್ರ, ಸಭಾ ಮುಗದ ಕೂಡಲೆ ತಿರುಗಿ ಒಯ್ದ್ರ ನಿಮಗ ಒಂದ ದಿನದ ಬಾಡಿಗಿ. ಮಂಡಳಿಯವರು ರೊಕ್ಕ ಮುಟ್ಟಸೂತನಕ ನನ್ನ ಕೈಯಾಗ ಇದ್ರ ದಿನಾ ಬಾಡಿಗಿ. ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ. ಮತ್ತ, ಒಂದ ಒಡವಿ ಎರಡ ಕಡೆ ದುಡಿಯೂದ ನ್ಯಾಯ ಅಲ್ಲ. ಬಾಡಿಗಿ ಓಡೂತನಕ ನಮ್ಮ ಬಡ್ಡಿ ನಿಲ್ಲಬೇಕು.”

ಸಕ್ರಪ್ಪನವರು ಬೆರಳು ಮಡಿಚಿದರು. ಬಡ್ಡಿ ತಿಂಗಳಿಗೆ ಮೂರು ರೂಪಾಯಿ. ಬಾಡಿಗೆ ದಿನಕ್ಕೆ ಮೂರು ರೂಪಾಯಿ. ಅವರು ಕರಾರನ್ನು ತಮ್ಮ ಕೈಯಾರೆ ಬರೆದರು. ರಾಯರು ಓದದೆಯೇ ಸಹಿ ಮಾಡಿದರು. ಕೊಡುವ ಉದ್ದೇಶವಿದ್ದವರು ಓದಬೇಕು.

ಹೊರಗೆ ಬಂದ ಮೇಲೆ ಅಬ್ದುಲಗನಿ ಕೇಳಿದ: “ಆ ಮಂಡಳಿ ರೊಕ್ಕ ಕೊಡೂದಿಲ್ಲ ಅನ್ನೂದು ನಿನಗ ಗೊತ್ತೈತಿಲ್ಲೋ?”

“ಗೊತ್ತೈತಿ” ಎಂದಳು ಹಸೀನಾಬಿ. “ಅದನ್ನ ನಂಬಕೊಂಡ ನಾ ಇದನ್ನ ಮಾಡೇನಿ.”

ನವೆಂಬರ್ ಒಂದರ ಸಂಜೆ ಗಂಡಹೆಂಡತಿಗೆ ಜೋಡಿ ಹಾರ ಬಿತ್ತು. ಹಸೀನಾಬಿಯ ಕೈಯಲ್ಲಿ ಪಾಟಲಿ ಬತ್ತಿಯ ಬೆಳಕಿಗೆ ಮಿರಿಮಿರಿ ಎನ್ನುತ್ತಿತ್ತು. ರಾಯರು ಕಿವಿಗೆ ಬಗ್ಗುವ ಮೊದಲೇ ಅಬ್ದುಲಗನಿ ಬಾಕಿಯನ್ನೆಲ್ಲ ದೇಣಿಗೆಯಾಗಿ ಜಾಹೀರು ಮಾಡಿ ಕೆಳಗಿಳಿದ. ಮರುದಿನ ಮಂಡಳಿ ವಿಸರ್ಜನೆಯಾಯಿತು. ಪಾಟಲಿ ಕರಾರಿನ ಪ್ರಕಾರ ಬೆಟಗೇರಿಗೆ ಹೋದವು.

ಇಲ್ಲಿಂದ ಮುಂದೆ ಸಕ್ರಪ್ಪನವರು ಲಕ್ಷ್ಮೇಶ್ವರದ ಮೋಟಾರು ಹತ್ತತೊಡಗಿದರು. ಅವರಿಗೂ ರಾಯರು ಎದ್ದು ನಿಂತರು, ಅವರಿಗೂ ತಾರಾಬಾಯಿಯವರ ಅವಲಕ್ಕಿ ಬಂತು. “ಬಾಕಿ ಅದಲ್ರೀ, ಎಲ್ಲೆ ಹೋಗ್ತದ?” ಎಂಬ ಮಾತು ಕೇಳಿ ಸಕ್ರಪ್ಪನವರಿಗೆ ಧೈರ್ಯವೇ ಬಂತು. ಪಾಟಲಿ ತರಿಸಿಕೊಂಡು ಬಿಡೋಣವೆಂದು ಒಮ್ಮೆ ಅನಿಸಿದ್ದುಂಟು. ಆದರೆ ಅವತ್ತಿನಿಂದ ಬಾಡಿಗೆ ನಿಲ್ಲುತ್ತದಲ್ಲ! ದಿನಕ್ಕೆ ಮೂರು ರೂಪಾಯಿಯನ್ನು ಯಾವ ಶಾಣ್ಯಾ ಕಳಕೊಳ್ಳುತ್ತಾನೆ? ಅವರು ಹಸೀನಾಬಿಗೆ ಖಬರು ಕಳಿಸಿದರು: ಪಾಟಲಿ ಕೈಯಿಂದ ತೆಗೆಯಬೇಡವ್ವ, ಜಳಕ ಮಾಡುವಾಗಲೂ ತೆಗೆಯಬೇಡ.

ವರ್ಷ ತುಂಬಿತು. ಏಕೀಕರಣದ ವರ್ಷಾಚರಣೆ ಮಂಡಳಿ ಆಯಿತು, ಬತ್ತಿ ಹತ್ತಿದವು, ಮತ್ತು ಬಾಕಿ ಬರಬೇಕಾದವರಲ್ಲಿ ಪ್ರಮುಖರಾದ ಸಕ್ರಪ್ಪನವರನ್ನು ವೇದಿಕೆಗೆ ಕರೆಯಲಾಯಿತು. ಜೀವಮಾನದಲ್ಲಿ ಯಾರಿಗೂ ಬಗ್ಗದ ಕೊರಳು ಹಾರಕ್ಕೆ ಬಗ್ಗಿತು. ಸಭೆ ಬಾಯಿ ನೋಡಿತು. ರಾಯರು ಕಿವಿಗೆ ಬಗ್ಗಿದರು. “ಬಾಕಿ ಅದಲ್ರೀ.”

ಸಕ್ರಪ್ಪನವರು ಬೆವೆತರೂ ಲೆಕ್ಕ ಬಿಡಲಿಲ್ಲ. ಬಾಡಿಗೆಯ ಬಾಕಿ ಸಾವಿರ ದಾಟಿತ್ತು. ಅದನ್ನು ಕೊಡುವುದು ಹುಚ್ಚುತನ. ಅದಕ್ಕಿಂತ ಸಣ್ಣದು ಏನಿದೆ? ಕೆಳಗೆ ಪಂಪು ಹೊಡೆಯುತ್ತಿದ್ದ ಅಬ್ದುಲಗನಿ ಕಣ್ಣಿಗೆ ಬಿದ್ದ.

“ಹಸೀನಾಬಿಯವರ ಒತ್ತೆಯ ಅಸಲು ನೂರೈವತ್ತು ರೂಪಾಯಿ ಬಿಟ್ಟೇನಿ!” ಎಂದು ಸಕ್ರಪ್ಪನವರು ಕೂಗಿದರು. “ಪಾಟ್ಲಿ ಆಕೀವ! ಬಾಡಿಗಿ ಮಾತ್ರ ಬಿಡೂದಿಲ್ಲ!”

ಚಪ್ಪಾಳೆ ಮುಗಿಯುವವರೆಗೆ ಅಬ್ದುಲಗನಿ ಪಂಪು ಹೊಡೆಯುವುದನ್ನು ಮರೆತು ನಿಂತಿದ್ದ. ಒಂದು ಬತ್ತಿ ಮಂದವಾಯಿತು. ಅವನು ಕಣ್ಣೊರೆಸಿಕೊಳ್ಳಲಿಕ್ಕೆ ಅಷ್ಟು ಕತ್ತಲು ಸಾಕಾಯಿತು.

ಪಾಟಲಿ ಹಸೀನಾಬಿಯದಾದ ಮೇಲೆ ಬಾಡಿಗೆ ಸಕ್ರಪ್ಪನವರಿಗೆ ಹೇಗೆ ಎಂದು ಯಾರೋ ಕೇಳಿದರಂತೆ. ಮಂಡಳಿಯು ವಿಸರ್ಜನೆಯಾಗುವ ಮುಂಚೆ ಇದನ್ನು ಚರ್ಚಿಸಿ, ಬಾಡಿಗೆಯು ಹಿಂದಿನಂತೆ ಸಕ್ರಪ್ಪನವರಿಗೇ ಸಲ್ಲತಕ್ಕದ್ದೆಂದೂ, ಬೇಕಾದರೆ ಮುಂದಿನ ವರ್ಷದಿಂದ ದಿನಕ್ಕೆ ನಾಲ್ಕು ರೂಪಾಯಿ ಮಾಡತಕ್ಕದ್ದೆಂದೂ ಸರ್ವಾನುಮತದಿಂದ ಠರಾಯಿಸಿತು.

ಈಗ ಲಕ್ಷ್ಮೇಶ್ವರದ ಮೋಟಾರಿನಲ್ಲಿ ಅಬ್ದುಲಗನಿ, ಸಕ್ರಪ್ಪನವರು ಒಂದೇ ಸೀಟಿನ ಮೇಲೆ ಕೂತು ಹೋಗುತ್ತಾರೆ. ಹೊರಡುವ ಮೊದಲು ಸಕ್ರಪ್ಪನವರು ಬೆಟಗೇರಿಗೆ ಬಂದು ಅಂಗಳದಲ್ಲಿ ಚಹಾ ಕುಡಿಯುತ್ತಾರೆ. ಒಳಗೆ ಹಸೀನಾಬಿ ರೊಟ್ಟಿ ಬಡಿಯುತ್ತಾಳೆ. ಪಾಟಲಿ ಗಾಜಿನ ಬಳೆಗೆ ತಾಗಿ ಕಿಣಿಕಿಣಿ ಎನ್ನುತ್ತದೆ. ಅಬ್ದುಲಗನಿ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ.

“ಕೇಳಿದ್ಯಾ ಗನಿ?” ಎನ್ನುತ್ತಾರೆ ಸಕ್ರಪ್ಪನವರು, ಕಣ್ಣು ಮುಚ್ಚಿಕೊಂಡು, ಬಹಳ ಸಮಾಧಾನದಿಂದ. “ಇವತ್ತಿಂದೂ ಮೂರ ರೂಪಾಯಿ ಆತು.”