ವೈರಸ್ ತೆಗೆಯುವವನ ಪಾಡು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ತಮಾಷೆ ಪ್ರಸಂಗಗಳಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ಅವು ನಡೆಯುವಾಗ ನಗು ಬರುವುದಿಲ್ಲ, ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ನಗು ಬರುವುದು ಮನೆಗೆ ಹೋಗಿ ಹೆಂಡತಿಗೆ ಹೇಳುವಾಗ. ಅದರಲ್ಲೂ ವೈರಸ್ ಕೇಸುಗಳು ನನ್ನ ಜೀವ ತಿಂದಿರುವಷ್ಟು ಬೇರೆ ಯಾವುದೂ ತಿಂದಿಲ್ಲ.

ಜೇಬಿನಲ್ಲಿದ್ದದ್ದು

ನಮ್ಮ ಊರಿನದೇ ಫೋಟೋ ಸ್ಟುಡಿಯೋ ಒಂದರ ಮಾಲೀಕರು ಕಂಪ್ಯೂಟರ್ ಹೊತ್ತುಕೊಂಡು ಬಂದರು. ಒಳಗೆ ಮದುವೆ ಫೋಟೋಗಳ ಫೋಲ್ಡರುಗಳೆಲ್ಲ ಮಾಯವಾಗಿ, ಒತ್ತಿದರೆ ತೆರೆಯದ ಶಾರ್ಟ್‌ಕಟ್‌ಗಳು ಕೂತಿದ್ದವು. ಪೆನ್ ಡ್ರೈವಿನಿಂದ ಹರಡುವ ಹಳೇ ವೈರಸ್. ಒಳಗೇ ಅಡಗಿದ್ದ ಫೋಟೋಗಳನ್ನು ಬೇರೆ ಕಡೆ ತೆಗೆದಿಟ್ಟು, ಕಂಪ್ಯೂಟರಿನ ಹಾರ್ಡ್ ಡ್ರೈವನ್ನು ಪೂರ್ತಿ ಅಳಿಸಿ, ಎಲ್ಲ ಹೊಸದಾಗಿ ಹಾಕಿಕೊಟ್ಟೆ. "ನಿಮ್ಮ ಪೆನ್ ಡ್ರೈವ್‌ಗಳಿದ್ದರೆ ಅವನ್ನೂ ಕೊಡಿ, ಅದರಲ್ಲೂ ಇರುತ್ತೆ" ಅಂದೆ. "ನನ್ನತ್ರ ಯಾವ್ದೂ ಇಲ್ಲ ಸಾ" ಅಂದರು.

ಮಾರನೇ ದಿನ ಕಂಪ್ಯೂಟರ್ ವಾಪಸ್. ಅದೇ ವೈರಸ್. ಮತ್ತೆ ಅಳಿಸಿದೆ, ಮತ್ತೆ ಬಂತು. ಅವರು ನನ್ನ ಕೆಲಸದ ಮೇಲೇ ಅನುಮಾನ ಪಡುವಂತೆ ನೋಡತೊಡಗಿದರು. ಕೊನೆಗೆ ರೇಗಿಹೋಗಿ, ಇದು ಎಲ್ಲಿಂದ ಬರುತ್ತದೋ ನೋಡಿಯೇಬಿಡೋಣ ಅಂತ ನಾನೇ ಅವರ ಸ್ಟುಡಿಯೋಗೆ ಹೋಗಿ ಪಕ್ಕದಲ್ಲಿ ಕೂತೆ. ಅವರು ಕಂಪ್ಯೂಟರ್ ಆನ್ ಮಾಡಿದರು, ದೇವರ ಪಟಕ್ಕೆ ಕೈಮುಗಿದರು, ಜೇಬಿನಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದರು.

"ಇದೇನ್ರೀ ಇದು?" ಅಂದೆ.

"ಇದಾ? ಇದು ನಂದಲ್ಲ ಸಾ, ನಮ್ಮ ಬಾಮೈದಂದು."

ಬೇರೆ ರೂಮು

ಯಳಂದೂರಿನಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ನಡೆಸುವ ಹೆಂಗಸೊಬ್ಬರು ನನ್ನ ಗಿರಾಕಿ. ಅವರ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿ, "ವೈರಸ್ ಸಿಕ್ಕರೆ ಅದೇ ಸ್ಕ್ರೀನ್ ಮೇಲೆ ಹೇಳುತ್ತೆ, ಹೇಳಿದಂತೆ ಮಾಡಿ ಸಾಕು" ಅಂತ ಹೇಳಿ ಬಂದಿದ್ದೆ. ಆ ಮಾತು ಹೇಳಬಾರದಿತ್ತು.

ಸ್ವಲ್ಪ ದಿನಕ್ಕೆ ಅಲ್ಲೇ ಹತ್ತಿರದ ಹೊನ್ನೂರಿನ ಕಡೆ ಕೆಲಸವಿತ್ತು, ಹಾಗೇ ಅವರ ಅಂಗಡಿಗೂ ಹೋದೆ. ಮೇಜು ಖಾಲಿ. ಅರ್ಜಿ ಹಾಕಲು ಬಂದವರು ಗೊಣಗುತ್ತ ಹೊರಟಿದ್ದರು.

"ಕಂಪ್ಯೂಟರ್ ಎಲ್ಲಮ್ಮ?"

"ಒಳಗಡೆ ರೂಮಲ್ಲಿ ಒಂಟಿಯಾಗಿ ಮಡಗಿವ್ನಿ ಕಣಣ್ಣ. ಕ್ವಾರಂಟೈನ್ ಅಂತ ಬಂತು."

ಬಾಗಿಲಿಗೆ ಚಿಲಕ ಬೇರೆ ಹಾಕಿದ್ದರು. ತಲೆ ಹಿಡಿದುಕೊಂಡು ಕೂತು ವಿವರಿಸಿದೆ. ಆಂಟಿವೈರಸ್ ಆ ಕೆಟ್ಟ ಫೈಲನ್ನು ಹಿಡಿದು ಒಳಗೇ ಬೀಗ ಹಾಕಿದೆ, ಕ್ವಾರಂಟೈನ್ ಅಂದರೆ ಅಷ್ಟೇ, ಕಂಪ್ಯೂಟರನ್ನು ಯಾರೂ ಕೂಡಿಹಾಕಬೇಕಿಲ್ಲ, ಆರಾಮಾಗಿ ಕೆಲಸ ಮಾಡಬಹುದು ಅಂದೆ. ಎಲ್ಲದಕ್ಕೂ ತಲೆ ಆಡಿಸಿದರು. ಅರ್ಥವಾಯಿತು ಅಂದುಕೊಂಡು ಎದ್ದೆ.

"ಅಣ್ಣ, ಪ್ರಿಂಟರ್ರೂ ಅದ್ರ ಪಕ್ಕದಲ್ಲೇ ಇತ್ತು. ಅದುಕ್ಕೇನಾರ ಟೆಸ್ಟ್ ಮಾಡುಸ್ಬೇಕಾ?"

ಲೊಕ್ಕನಹಳ್ಳಿಯಿಂದ ಬಂದ ಲ್ಯಾಪ್‌ಟಾಪ್

ಹನೂರಿನ ಆಚೆ, ಲೊಕ್ಕನಹಳ್ಳಿಯ ರೈತರೊಬ್ಬರು ಮಗಳ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಆನೆ ನುಗ್ಗಿ ಜೋಳದ ಹೊಲ ತುಳಿದುಹಾಕಿತ್ತು. ಪರಿಹಾರಕ್ಕೆ ಕೊಡಬೇಕಾದ ಫೋಟೋಗಳೆಲ್ಲ ಅದರಲ್ಲಿದ್ದವು. ವೈರಸ್ ಹೊಕ್ಕು ಒಂದೂ ಕಾಣುತ್ತಿರಲಿಲ್ಲ. ಸಂಜೆ ಬನ್ನಿ ಅಂದರೆ ಕೇಳಲಿಲ್ಲ, ಸ್ಟೂಲ್ ಎಳೆದುಕೊಂಡು ನನ್ನ ಮೊಣಕೈಗೆ ತಾಗಿಕೊಂಡೇ ಕೂತರು. ನಾನು ಒಂದು ಬಟನ್ ಒತ್ತಿದರೆ "ಓಯ್ತಾ?", ಇನ್ನೊಂದು ಒತ್ತಿದರೆ "ಬಂತಾ?"

ಅಂತೂ ಫೋಟೋಗಳು ಸಿಕ್ಕವು. ಮುರಿದ ಜೋಳದ ದಂಟು, ತೊಟ್ಟಿಯಷ್ಟು ಅಗಲದ ಹೆಜ್ಜೆ. ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ, ಅವರ ಕಣ್ಣಿಗೆ ತೋರಿಸಿ, ಆಮೇಲೆ ಡ್ರೈವ್ ಅಳಿಸಲು ಹಾಕಿದೆ.

"ಈಗೇನ್ ಮಾಡ್ತಾ ಇದ್ದೀರಿ ಸಾ?"

"ಒಳಗೆ ಸೇರಿಕೊಂಡದ್ದನ್ನೆಲ್ಲ ಪೂರ್ತಿ ಓಡಿಸ್ತಾ ಇದೀನಿ. ಮತ್ತೆ ಬರದ ಹಾಗೆ ಒಂದು ಕಾವಲೂ ಹಾಕ್ತೀನಿ."

"ಮತ್ತೆ ಬರದಂಗಾ?"

"ಹೂಂ, ಬರಲ್ಲ."

ಅವರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮ ಹೊಲಕ್ಕೂ ಒಂದ್ಸಲ ಬಂದು ಇದ್ನೇ ಮಾಡ್ಕೊಡಿ ಸಾ."

ಮೇಷ್ಟ್ರ ಶಿಷ್ಯ

ಸತ್ತೇಗಾಲದಿಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಬಂದರು. ಅವರ ಲ್ಯಾಪ್‌ಟಾಪ್ ಆನ್ ಮಾಡಿದರೆ ಸಾಕು, ಕೆಂಪು ಡಬ್ಬಿಯೊಂದು ಎದ್ದು ನಿಲ್ಲುತ್ತಿತ್ತು: 'ಯುವರ್ ಕಂಪ್ಯೂಟರ್ ಹ್ಯಾವ್ ವೈರಸ್, ಕಾಲ್ ದಿಸ್ ನಂಬರ್.' ಅದು ಎಚ್ಚರಿಕೆ ಅಲ್ಲ, ಅದೇ ವೈರಸ್. ಹೆದರಿ ಫೋನ್ ಮಾಡಿದವರ ಬ್ಯಾಂಕ್ ಖಾತೆ ಖಾಲಿ ಮಾಡುವ ಕಳ್ಳರ ಕೆಲಸ.

"ಆ ನಂಬರಿಗೆ ಫೋನ್ ಮಾಡಿಬಿಟ್ಟಿರಾ ಮೇಷ್ಟ್ರೇ?"

"ಮಾಡ್ದೆ. ದಿನಾ ಮಾಡ್ತಾ ಇವ್ನಿ."

"ಓಟಿಪಿ, ಬ್ಯಾಂಕ್ ವಿಷಯ ಏನಾದ್ರೂ ಕೊಟ್ಟಿರಾ?"

"ಫೋನೆತ್ತಿದವನು ಆ ವಿಷಯಕ್ಕೆ ಬರೋಕೆ ನಾನು ಬಿಟ್ರೆ ತಾನೇ. ಕಂಪ್ಯೂಟರ್ ಅಂದ್ರೆ ಏಕವಚನ ಕಣಪ್ಪ, 'ಹ್ಯಾಸ್' ಬರ್ಬೇಕು, ಮೊದ್ಲು ಅದನ್ನ ತಿದ್ದು ಅಂದೆ. ಹುಡುಗನಿಗೆ ಕನ್ನಡ ಚೆನ್ನಾಗದೆ, ಇಂಗ್ಲಿಷ್ ಬುನಾದೀನೇ ಇಲ್ಲ. ಈಗ ಭೂತಕಾಲ ನಡೀತಾ ಅದೆ."

ಹಣ ಹೋಗಿಲ್ಲ ಅನ್ನುವುದೇ ಸಮಾಧಾನ ಅಂತ ಕೆಲಸಕ್ಕೆ ಕೂತೆ. ಆ ಕೆಂಪು ಡಬ್ಬಿ ಸುಲಭಕ್ಕೆ ಬಿಡಲಿಲ್ಲ. ತೆಗೆದರೆ, ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಮತ್ತೆ ಹಾಜರು. ಕೊನೆಗೆ ಅವರ ಕಾಗದಪತ್ರಗಳನ್ನೆಲ್ಲ ಬೇರೆ ತೆಗೆದಿಟ್ಟು, ಡ್ರೈವ್ ಬರಿದು ಮಾಡಿ ಹೊಸದಾಗಿ ಹಾಕಿ, ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದೆ. ಡಬ್ಬಿ ಏಳಲಿಲ್ಲ. ಮೇಷ್ಟ್ರ ಮುಖ ಸಪ್ಪಗಾಯಿತು.

"ಹಂಗಾದ್ರೆ ಪಾಠ?" ಅಂದವರೇ ತಮ್ಮ ಮೊಬೈಲಿನಿಂದ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಎಲ್ಲಿ, ನಿನ್ನೆ ಹೇಳ್ಕೊಟ್ಟದ್ದು ಒಪ್ಸು."

ಆ ಕಡೆಯಿಂದ ಸೋತ ದನಿ ಬಂತು. "ಸಾರ್, ಇವತ್ತು ಬೇಡ ಸಾರ್, ತಲೆನೋವು."

ನನಗೆ ಎಲ್ಲಿಲ್ಲದ ಸಿಟ್ಟು ಬಂದು ಫೋನ್ ಕಿತ್ತುಕೊಂಡೆ. "ನೋಡಪ್ಪ, ನಾನು ಕಂಪ್ಯೂಟರ್ ರಿಪೇರಿಯವನು. ನಿಮ್ಮ ವೈರಸ್‌ನ ಈಗ ತಾನೇ ಬುಡಸಮೇತ ಕಿತ್ತೆಸೆದಿದೀನಿ. ಇನ್ನೊಂದು ಸಲ ಈ ಮೇಷ್ಟ್ರ ತಂಟೆಗೆ ಬಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

ಆ ಕಡೆ ಅವನು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ತುಂಬಾ ಉಪಕಾರ ಆಯ್ತು ಸಾರ್," ಅಂದ. "ಹಾಗೇ ಅವರ ಮೊಬೈಲಿಂದ ನಮ್ಮ ನಂಬರನ್ನೂ ತೆಗೆದುಬಿಡಿ ಸಾರ್."