ಕೂತು ಆಡುವವಳ ಭಾಷಣ

"ಅಮ್ಮಾ, ಅತ್ತೆ ಕಾಲು ಬಿಚ್ಚಿಟ್ಟಾಗ ಅದಕ್ಕೂ ರಜಾನಾ?"

ನನ್ನ ಮಗಳ ಪ್ರಶ್ನೆಗೆ ಡ್ರಿಲ್ ಮೇಷ್ಟ್ರು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನಾಳೆ ಅವಳ ಶಾಲೆಯ ಕ್ರೀಡಾದಿನ. ಭಾಷಣ ಮಾಡಬೇಕಾದವಳು ನನ್ನ ನಾದಿನಿ. ನೆಲದ ಮೇಲೆ ಕೂತು ಆಡುವ ವಾಲಿಬಾಲ್ ತಂಡದವಳು. ಏನು ಮಾತಾಡಬೇಕೆಂದು ಹೇಳಿಕೊಡಲು ಬಂದ ಮೇಷ್ಟ್ರು ಆಗಲೇ ಅವಳೊಡನೆ ವಾದಕ್ಕೆ ಬಿದ್ದಿದ್ದರು. ಅವಳ ಕೃತಕ ಕಾಲು ಸೋಫಾಕ್ಕೆ ಒರಗಿ ನಿಂತಿತ್ತು.

ನಾದಿನಿ: ರಜಾ ಅಲ್ಲ ಪುಟ್ಟಿ. ಮೇಷ್ಟ್ರ ಮಾತು ಕೇಳಿ ಕೇಳಿ ಅದಕ್ಕೆ ಸುಸ್ತಾಗಿದೆ.

ಮೇಷ್ಟ್ರು: ತಮಾಷೆ ಬಿಡಮ್ಮ. ಅಪಘಾತದಿಂದ ಶುರು ಮಾಡು. ಅಲ್ಲಿ ಸ್ವಲ್ಪ ಗಂಟಲು ಕಟ್ಟಬೇಕು.

ನಾದಿನಿ: ಆಗ ನನಗೆ ಪ್ರಜ್ಞೆನೇ ಇರಲಿಲ್ಲ ಸಾರ್. ಕಾಣದೇ ಇರೋದನ್ನ ಏನಂತ ಹೇಳ್ಲಿ? ಹೋದ ಸಲ ಫೈನಲ್ ಸೋತ ಕತೆ ಹೇಳ್ತೀನಿ. ಕೊನೇ ಚೆಂಡಿಗೆ ಹುರುಪು ಬಂದು ಕುಂಡಿ ಎತ್ತಿಬಿಟ್ಟೆ, ಫೌಲಾಯ್ತು.

ಮೇಷ್ಟ್ರು: ಆ ಮಾತು ಮೈಕಲ್ಲಿ ಬೇಡ.

ನಾದಿನಿ: ನಮ್ಮ ಆಟದ ನಿಯಮಾನೇ ಅದು. ಚೆಂಡು ಹೊಡೆಯೋವಾಗ ಕುಂಡಿ ನೆಲ ಬಿಡಬಾರದು.

ನಾನು: ಬೇರೆ ಏನಾದ್ರೂ ಹೇಳು ಮಾರಾಯ್ತಿ. ಆಸನ ಅನ್ನು.

ನಾದಿನಿ: ಆಸನ ಎತ್ತಿದೆ ಅಂದ್ರೆ ಅತಿಥಿಗಳು ತಮ್ಮ ಕುರ್ಚಿ ಮುಟ್ಟಿ ನೋಡ್ಕೋತಾರೆ ಅತ್ತಿಗೆ.

ಮೇಷ್ಟ್ರು: ಜನ ಅಳಬೇಕಮ್ಮ. ಅತ್ತರೆ ತಾನೇ ಸ್ಫೂರ್ತಿ?

ನಾದಿನಿ: ಅತ್ತು, ಮೂಗು ಒರೆಸ್ಕೊಂಡು ಮನೆಗೆ ಹೋಗ್ತಾರೆ. ನಾಲ್ಕನೇ ಕ್ಲಾಸಲ್ಲಿ ಕಾಲು ಎಳೆದು ನಡೆಯೋ ಹುಡುಗಿ ಇದ್ದಾಳಲ್ಲ, ನಾಳೆ ಅವಳಿಗೆ ಯಾವ ಆಟ?

ಮೇಷ್ಟ್ರು: ಚಪ್ಪಾಳೆ ತಟ್ಟೋ ಗುಂಪಿಗೆ ನಾಯಕಿ ಮಾಡಿದೀನಿ.

ನಾದಿನಿ: ಹೋದ ವರ್ಷ?

ಮೇಷ್ಟ್ರು: (ಮೆಲ್ಲಗೆ) ಆಗಲೂ ಅದೇ. ಬಿದ್ದುಗಿದ್ದಾಳು ಅಂತ ಭಯಮ್ಮ.

ನಾದಿನಿ: ಕೂತವರು ಎಲ್ಲಿಗೆ ಬೀಳ್ತಾರೆ? ನಾಳೆ ಅವಳು ಕೂತು ಆಡ್ಲಿ, ಜೊತೆಗೆ ಉಳಿದ ಮಕ್ಕಳೂ ಕೂತ್ಕೊಳ್ಳಲಿ. ಇಲ್ಲಾಂದ್ರೆ ನಾನು ಬರಲ್ಲ.

ಮೇಷ್ಟ್ರು: ಕೂತು ಆಡೋದೂ ಒಂದು ಆಟವೇ? ನಮ್ಮಜ್ಜಿನೂ ಆಡ್ತಾರೆ.

ನಾದಿನಿ: ಅಜ್ಜಿ ಆಮೇಲೆ. ಮೊದಲು ಮೊಮ್ಮಗ ಕೂರಲಿ.

ನಾನು ಮಡಚುತ್ತಿದ್ದ ಬಟ್ಟೆ ಬದಿಗಿಟ್ಟು, ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿದೆ. ಮಗಳು ತನ್ನ ಚೆಂಡು ಕೊಟ್ಟು, ಕೆನ್ನೆ ನೆಲಕ್ಕೊತ್ತಿ ಬೋರಲಾಗಿ ಮಲಗಿದಳು. ಅವಳೇ ಅಂಪೈರು. ನಾದಿನಿ ಹಗ್ಗದಾಚೆ ಕೂತ ಮೇಷ್ಟ್ರತ್ತ ಚೆಂಡು ತೂರಿದಳು.

ಮಗಳು: ಮೇಷ್ಟ್ರು ಎತ್ತಿದ್ರು.

ಮೇಷ್ಟ್ರು: ಎಲ್ಲಿ ಎತ್ತಿದೆ? ಅಂಗಿ ಸರಿ ಮಾಡ್ಕೊಂಡೆ.

ಮಗಳು: ಈಗಲೂ ಎತ್ತಿದ್ರು. ಕೆಳಗೆ ಬೆಳಕು ಕಾಣಿಸ್ತು.

ಕೊನೆಗೆ ಮೇಷ್ಟ್ರು ಗೋಡೆಗೊರಗಿ ಏದುಸಿರು ಬಿಟ್ಟರು. ನಾದಿನಿಯ ಹಣೆ ಮೇಲೆ ಒಂದು ಹನಿ ಬೆವರೂ ಇರಲಿಲ್ಲ.

ಮೇಷ್ಟ್ರು: ತೊಡೆ ಹಿಡ್ಕೊಂಡಿದೆ. ಸರಿ ತಾಯಿ, ಆ ಹುಡುಗಿ ನಾಳೆ ಆಡ್ತಾಳೆ. ಮಕ್ಕಳು ಒಂದು ಕಡೆ, ಮೇಷ್ಟ್ರುಗಳು ಇನ್ನೊಂದು ಕಡೆ. ಆದ್ರೆ ಮಕ್ಕಳಿಗೆ ಈ ಆಟ ಗೊತ್ತಿಲ್ಲ. ಹೇಳ್ಕೊಡೋರು ಯಾರು?

ನಾದಿನಿ: ನಾನೇ. ಮಕ್ಕಳ ಕಡೆ ಕೂತು ಆಡ್ತಾನೇ ಹೇಳ್ಕೊಡ್ತೀನಿ.

ಮೇಷ್ಟ್ರು: ಮತ್ತೆ ಭಾಷಣ?

ನಾದಿನಿ ಯೋಚಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಎಂದೂ ಇಲ್ಲದ ವಿನಯದಿಂದ ನನ್ನ ಕೈ ಹಿಡಿದಳು.

ನಾದಿನಿ: ಅತ್ತಿಗೆ, ಒಂದು ಉಪಕಾರ ಮಾಡ್ತೀರಾ? ನಾನು ಆ ಹುಡುಗಿ ಪಕ್ಕ ನೆಲದ ಮೇಲಿರ್ತೀನಿ. ಭಾಷಣ ನೀವು ಮಾಡ್ಬಿಡಿ. ಹೇಗೂ ನಿಂತು ಮಾಡೋ ಕೆಲಸ, ನಿಮಗೇ ಸುಲಭ.