ಮೈಕ್ ಮಾವನ ಖಾಲಿ ಚೌಕ

…ಅಥವಾ ಇಪ್ಪತ್ತು ನಿಮಿಷ ಆಗಿರಲಿಲ್ಲವೇನೋ, ಹತ್ತೇ ಇರಬಹುದು. ಆದರೆ ನಮ್ಮ ಸೋದರಮಾವ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತಿದ್ದರು ಎಂದರೆ ನ್ಯಾಮತಿಯಲ್ಲಿ ಯಾರಾದರೂ ನಂಬುತ್ತಾರೆಯೇ? ಪಕ್ಕದಲ್ಲೇ ಕೂತು ನೋಡಿರದಿದ್ದರೆ ನಾನೂ ನಂಬುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದೆನೋ, ಬಾಗಿಲಲ್ಲಿ ನಿಂತಿದ್ದೆನೋ, ಅದೂ ಈಗ ಖಚಿತವಿಲ್ಲ ಬಿಡಿ!

ಮಾವನ ಕಸುಬೇ ಕೂಗುವುದು. ಆಟೋಗೆ ಮೈಕ್ ಕಟ್ಟಿಕೊಂಡು ಹೊನ್ನಾಳಿವರೆಗೂ ಸೀರೆ ಮಾರಾಟ, ರಕ್ತದಾನ ಶಿಬಿರ, ನಲ್ಲಿಯಲ್ಲಿ ನೀರು ಬಾರದ ದಿನ, ಎಲ್ಲವನ್ನೂ ಸಾರಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಮೈಕ್ ಆಫ್ ಆಗುತ್ತದೆ, ಮಾವ ಆಗುವುದಿಲ್ಲ. ಇಂಥವರ ಮಗಳು ಸುಮಾ. ಹತ್ತೊಂಬತ್ತು ವರ್ಷ. ಆಟಿಸಂ ಇದೆ, ಬಾಯಲ್ಲಿ ಮಾತಾಡುವುದಿಲ್ಲ.

ಸುಮಾಳಂಥವರಿಗೆ ಟ್ಯಾಬ್ ಎಷ್ಟು ನೆರವಾಗುತ್ತದೆಂದು ಸಂಶೋಧನೆ ನಡೆಸುತ್ತಿದ್ದ ಮೇಡಂ ಒಬ್ಬರು ಮೂರು ತಿಂಗಳಿಗೆಂದು ಒಂದನ್ನು ಕೊಟ್ಟುಹೋದರು. ಪರದೆ ತುಂಬ ಚಿತ್ರದ ಚೌಕಗಳು. ಲೋಟ ಮುಟ್ಟಿದರೆ "ನೀರು ಬೇಕು" ಎನ್ನುತ್ತದೆ. ಸುಮಾ ತಾನಾಗಿ ಬಳಸಿದರೆ ಟ್ಯಾಬ್ ಅವಳದೇ. ಇಲ್ಲವಾದರೆ ಚನ್ನಗಿರಿಯಲ್ಲಿ ಕಾಯುತ್ತಿರುವ ಇನ್ನೊಂದು ಮನೆಗೆ.

ಅದರ ದನಿ ಮಾವನಿಗೆ ಹಿಡಿಸಲಿಲ್ಲ. "ಈ ಹೆಣ್ಮಗಳು ಯಾವೂರಾಕಿ? ನನ್ನ ಮಗಳು ನಮ್ಮೂರ ಹಂಗೆ ಮಾತಾಡ್ಬೇಕು!" ಎಂದು ತಮ್ಮದೇ ದನಿ ತುಂಬಿದರು. ಅಂದಿನಿಂದ ಲೋಟ ಮುಟ್ಟಿದರೆ, "ಸಮಸ್ತ ನಾಗರಿಕರ ಗಮನಕ್ಕೆ! ನೀರು ಬೇಕು, ನೀರು!" ಸುಮಾ ಎರಡೂ ಕಿವಿ ಮುಚ್ಚಿಕೊಂಡಳು. ಮಾರನೆಯ ದಿನ ಟ್ಯಾಬ್ ಅಕ್ಕಿ ಡಬ್ಬದೊಳಗೆ ಸಿಕ್ಕಿತು.

"ಕಿವಿ ಮುಚ್ಕೊಳ್ಳೋದೂ ಒಂದು ಮಾತೇ ಕಣ್ರೀ. ನಿಮಗೆ ಕೇಳಾಕೆ ಬರಲ್ಲ, ಅಷ್ಟೇ," ಎಂದರು ಅತ್ತೆ.

ಹಾಗೆ ದನಿ ತುಂಬುವಾಗ ಕೊನೆಗೆ ಚಿತ್ರವಿಲ್ಲದ ಒಂದು ಚೌಕ ಉಳಿದಿತ್ತು. ರೆಕಾರ್ಡ್ ಒತ್ತಿದ ಮಾವನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಜನ್ಮದಲ್ಲಿ ಮೊದಲ ಸಲ! ಅದರೊಳಗೆ ಸೇರಿದ್ದು ಅವರು ಗಂಟಲು ಸರಿಮಾಡಿಕೊಂಡ ಸಣ್ಣ ಸದ್ದು, ಒಂದು ಉಸಿರು. ಅಳಿಸಲು ಬಾರದೆ ಹಾಗೇ ಬಿಟ್ಟರು.

ಮೂರು ತಿಂಗಳು ಮುಗಿದ ದಿನ ಮೇಡಂ ಬಂದು, ಟ್ಯಾಬ್ ಒಳಗೆ ದಾಖಲಾಗಿದ್ದ ಒತ್ತುವಿಕೆಗಳನ್ನೆಲ್ಲ ನೋಡಿದರು.

"ಬೆಳಗ್ಗೆ ಐದಕ್ಕೆ ಎದ್ದು ನಲವತ್ತು ಸಲ ಉಪ್ಪಿಟ್ಟು ಬೇಕು ಅಂದಿದ್ದಾಳಾ?"

"ಹೌದ್ರೀ ಮೇಡಂ! ಆಕಿಗೆ ಉಪ್ಪಿಟ್ಟು ಅಂದ್ರೆ ಪ್ರಾಣ."

"ಉಪ್ಪಿಟ್ಟು ಕಂಡ್ರೆ ತಟ್ಟೇನೇ ದೂಡ್ತಾಳೆ," ಎಂದರು ಅತ್ತೆ.

ನಾನು ನಗಲಿಲ್ಲ. ಮಾವನ ಹಣೆ ಬೆವರಿತ್ತು. "ನಾನೇ ಒತ್ತಿದ್ದು ಮೇಡಂ. ಕಡಿಮೆ ಆದ್ರೆ ವಾಪಸ್ ಒಯ್ತೀರಿ ಅಂತ ಹೆದರಿಕೆ ಆತು."

"ಹಾಗಾದ್ರೆ ಅದನ್ನೆಲ್ಲ ನಾನು ಸೇರಿಸೋ ಹಾಗಿಲ್ಲ. ಇವತ್ತು ಅವಳೇ ಒತ್ತೋದನ್ನಷ್ಟೇ ನೋಡ್ತೀನಿ. ನೀವು ಮಾತಾಡಬಾರದು, ಸನ್ನೆನೂ ಮಾಡಬಾರದು."

ಟ್ಯಾಬನ್ನು ಸುಮಾಳ ಮುಂದಿಟ್ಟರು. ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡರು. ಸುಮಾ ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು. ಅದು ನಿಂತರೆ ಮತ್ತೆ ತಿರುಗಿಸುವುದು. ಐದು ನಿಮಿಷ. ಮೇಡಂ ಗಡಿಯಾರ ನೋಡಿದರು. ಸುಮಾಳ ಬೆರಳು ಲೋಟದ ಚಿತ್ರದ ಹತ್ತಿರ ಬಂತು, ಹಿಂದೆ ಸರಿಯಿತು. ಉಪ್ಪಿಟ್ಟಿನ ಹತ್ತಿರ ಬಂತು. ಮಾವನ ಕತ್ತಿನ ನರ ಎದ್ದು ನಿಂತಿತು. ಅಲ್ಲಿಂದಲೂ ಸರಿಯಿತು. ಮೇಡಂ ಪೆನ್ನಿನ ಕ್ಯಾಪ್ ಹಾಕಿದರು. ಆಗ ಬೆರಳು ಖಾಲಿ ಚೌಕವನ್ನು ಒತ್ತಿತು.

ಗಂಟಲಿನ ಸಣ್ಣ ಸದ್ದು. ಒಂದು ಉಸಿರು.

"ಇದು ಯಾವ ಪದ?"

ಮಾತಾಡಲು ಅಪ್ಪಣೆ ಸಿಕ್ಕಿತೋ ಇಲ್ಲವೋ ಎಂದು ಮಾವ ಒಮ್ಮೆ ಅತ್ತೆಯ ಮುಖ ನೋಡಿದರು. "ಅದ್ರಾಗೆ ನಾನು ಏನೂ ಹೇಳಿಲ್ಲ ಮೇಡಂ. ಖಾಲಿ ಐತೆ."

ಸುಮಾ ಮತ್ತೆ ಒತ್ತಿದಳು. ಮುಚ್ಚಳ ಬಿಟ್ಟು ಕಾದಳು. ಮಾವ ಮೆಲ್ಲಗೆ, ಹೊನ್ನಾಳಿ ರಸ್ತೆ ಎಂದೂ ಕೇಳಿರದಷ್ಟು ಮೆಲ್ಲಗೆ, ಗಂಟಲು ಸರಿಮಾಡಿಕೊಂಡರು. ಅವಳು ಒತ್ತಿದಳು. ಇವರು ಉತ್ತರ ಕೊಟ್ಟರು. ಅವಳು, ಇವರು, ಅವಳು, ಇವರು. ಮೇಡಂ ಯಾರನ್ನೂ ತಡೆಯಲಿಲ್ಲ.

ಟ್ಯಾಬ್ ಉಳಿಯಿತು. ಮಾವ ಆವತ್ತು ಅತ್ತರೆಂದು ಅತ್ತೆ ಹೇಳುತ್ತಾರೆ. ನಾನು ನೋಡಿದ ನೆನಪಿಲ್ಲ. ಸುಮಾ 'ಅಪ್ಪಾ' ಎಂದಳೋ, 'ಹೀಗೇ ಸುಮ್ಮನಿರು' ಎಂದಳೋ, ಆ ಸದ್ದೇ ಅವಳಿಗೆ ಇಷ್ಟವೋ? ಮಾವ ಈಗಲೂ ದಿನಾ ಉತ್ತರ ಕೊಡುತ್ತಾರೆ. ಪ್ರಶ್ನೆ ಏನೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.